ಕಟ್ಟು ಬಿಚ್ಚುವ ಕೆಲಸ
(ಶತಮಾನೋತ್ಸವದ ಸಿದ್ಧತಾ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ನೂರು ವರ್ಷದ ಸಂಭ್ರಮದ ನಡುವೆ ಈ ಸ್ವಾಮಿಗಳು ಕುಡಿತದ ವಿಷಯವನ್ನೇಕೆ ಎತ್ತಿದರೆಂದು ಕೆಲವರಿಗಾದರೂ ಅನಿಸೀತು. ಕುಡಿತದ ಕೇಡನ್ನು ನೀವೆಲ್ಲರೂ ಬಲ್ಲಿರಿ. ಅದನ್ನು ಬಿಟ್ಟು ಮನೆಗೆ ಮರಳಿದವನನ್ನು ಕುರಿತು ಮಾತ್ರ ನಾನಿಂದು ಹೇಳಬೇಕಾಗಿದೆ.

ಸಂತ ಯೊವಾನ್ನರ ಶುಭಸಂದೇಶದಲ್ಲಿ ಲಾಸರನ ಪ್ರಸಂಗವನ್ನು ಓದಿದ್ದೀರಿ. ಪ್ರಭು ಕರೆದಾಗ ಸತ್ತವನು ಸಮಾಧಿಯಿಂದ ಎದ್ದು ಬಂದನು. ಆದರೆ ಕೈಕಾಲುಗಳಿಗೆ ಸುತ್ತಿದ್ದ ಬಟ್ಟೆ ಹಾಗೆಯೇ ಇತ್ತು. ಜೀವವನ್ನೇ ಕೊಟ್ಟ ಪ್ರಭುವಿಗೆ ಆ ಕಟ್ಟು ಬಿಚ್ಚುವುದು ಕಷ್ಟವಾಗಿತ್ತೇ? ಆ ಕೆಲಸವನ್ನು ಆತನು ಸುತ್ತ ನಿಂತಿದ್ದವರಿಗೆ ಬಿಟ್ಟನು.

ಬಹುಕಾಲ ವಿಪರೀತ ಕುಡಿದವನು ಥಟ್ಟನೆ ನಿಲ್ಲಿಸಿದರೆ ಮೊದಲ ಕೆಲವು ದಿನಗಳಲ್ಲಿ ನಡುಕ, ಫಿಟ್ಸ್, ಬುದ್ಧಿಭ್ರಮಣೆ ಉಂಟಾಗಿ ಪ್ರಾಣಕ್ಕೂ ಅಪಾಯವಾಗಬಹುದು. ಆದುದರಿಂದ ಮೊದಲು ವೈದ್ಯರು, ಆಮೇಲೆ ಪ್ರತಿಜ್ಞೆ. ಆದರೆ ಆಸ್ಪತ್ರೆಯ ವಾಸ ಕೆಲವು ವಾರಗಳದು. ನಿದ್ರೆಯಿಲ್ಲದ ರಾತ್ರಿಗಳು, ನಾಚಿಕೆ, ಖಿನ್ನತೆ, ಮರಳಿ ಮರಳಿ ಬರುವ ಹಂಬಲ ಇವು ತಿಂಗಳುಗಟ್ಟಲೆ ಉಳಿಯುತ್ತವೆ. ಆ ತಿಂಗಳುಗಳನ್ನು ಅವನು ಕಳೆಯುವುದು ನಮ್ಮ ನಡುವೆ.

ಡಬ್ಲಿನ್ ನಗರದ ಕೂಲಿಗಾರ ಮ್ಯಾಟ್ ಟಾಲ್ಬಟ್ ಹನ್ನೆರಡನೆಯ ವಯಸ್ಸಿನಿಂದ ಕುಡಿದವನು. 1884ರಲ್ಲಿ ಒಂದು ದಿನ ಕೈಯಲ್ಲಿ ಕಾಸಿಲ್ಲದೆ ಹೆಂಡದಂಗಡಿಯ ಬಳಿ ನಿಂತಿದ್ದಾಗ, ಅವನ ಹಣದಲ್ಲಿ ಎಷ್ಟೋ ಬಾರಿ ಕುಡಿದಿದ್ದ ಗೆಳೆಯರು ಕಂಡೂ ಕಾಣದಂತೆ ಹಾದುಹೋದರು. ಅಂದೇ ಗುರುವೊಬ್ಬರ ಮುಂದೆ ಪ್ರತಿಜ್ಞೆ ಮಾಡಿದನು. ಆಜೀವ ಪ್ರತಿಜ್ಞೆಯಲ್ಲ, ಮೂರೇ ತಿಂಗಳು! ಅನಂತರ ಅದನ್ನು ಮುಂದುವರಿಸುತ್ತ 1925ರಲ್ಲಿ ಪೂಜೆಗೆ ಹೋಗುವ ದಾರಿಯಲ್ಲಿ ಕುಸಿದು ಸಾಯುವವರೆಗೂ ನಡೆಸಿದನು. 1975ರಲ್ಲಿ ಧರ್ಮಸಭೆ ಅವನನ್ನು ಪೂಜ್ಯನೆಂದು ಸಾರಿತು. ಅವನ ಮೊದಲ ಕಷ್ಟವೇನಾಗಿತ್ತು ಬಲ್ಲಿರಾ? ಸಂಜೆ ಹೋಗಲು ಎಡೆಯಿರಲಿಲ್ಲ. ಗೆಳೆಯರೆಲ್ಲ ಅಂಗಡಿಯಲ್ಲಿ. ಅವನು ನಡೆದು ಹೋಗಿ ದೇವಾಲಯದಲ್ಲಿ ಕುಳಿತನು.

ಅಮೆರಿಕದ ಆಕ್ರನ್ ನಗರದ ಸಂತ ತೋಮಾಸರ ಆಸ್ಪತ್ರೆಯಲ್ಲಿ ಸಿಸ್ಟರ್ ಇಗ್ನೇಷಿಯಾ ಎಂಬ ಕನ್ಯಾಸ್ತ್ರೀ 1939ರಲ್ಲಿ ಕುಡುಕರನ್ನು ಸೇರಿಸಿಕೊಳ್ಳಲು ಆರಂಭಿಸಿದರು. ಅಂದಿನ ದಿನಗಳಲ್ಲಿ ಅಂಥವರಿಗೆ ಹಾಸಿಗೆ ದೊರೆಯುತ್ತಿರಲಿಲ್ಲ. ಹೊಟ್ಟೆಯ ರೋಗವೆಂದು ಬರೆಸಿ ಒಳಗೆ ತಂದರು. (ದೇವರು ಆ ಸುಳ್ಳನ್ನು ಕ್ಷಮಿಸಿರಬೇಕು.) ರೋಗಿಯ ಬಳಿಗೆ ಬಂದು ಕೂರುತ್ತಿದ್ದವರು ತಾವೇ ಕುಡಿತ ಬಿಟ್ಟಿದ್ದ ಜನ. ಮನೆಗೆ ಹೊರಟವನ ಕೈಗೆ ಯೇಸುವಿನ ಪವಿತ್ರ ಹೃದಯದ ಬಿಲ್ಲೆ ಕೊಟ್ಟು, ಮತ್ತೆ ಕುಡಿಯುವ ಮನಸ್ಸಾದರೆ ಮೊದಲು ಇದನ್ನು ತಂದು ಹಿಂದಿರುಗಿಸು ಎನ್ನುತ್ತಿದ್ದರು.

ಇನ್ನು ನನ್ನ ತಪ್ಪು. ಹಿಂದೆ ನಾನಿದ್ದ ಒಂದು ಧರ್ಮಕೇಂದ್ರದಲ್ಲಿ ಚಿಕಿತ್ಸೆ ಮುಗಿಸಿ ಬಂದವನೊಬ್ಬನಿಗಾಗಿ ಭಾನುವಾರದ ಪೂಜೆಯಲ್ಲಿ ಹೆಸರು ಹೇಳಿ ಪ್ರಾರ್ಥಿಸಿದೆ. ಒಳ್ಳೆಯದನ್ನೇ ಮಾಡಿದೆನೆಂದುಕೊಂಡೆ. ತಲೆಗಳೆಲ್ಲ ಅವನತ್ತ ತಿರುಗಿದವು. ಮುಂದಿನ ಭಾನುವಾರ ಅವನು ಬರಲಿಲ್ಲ, ಆಮೇಲೂ ಬರಲಿಲ್ಲ. ಅವನ ಮಡದಿ ನನಗೆ ಹೇಳಿದ್ದು ಒಂದೇ ಮಾತು: "ಸ್ವಾಮಿ, ಅವರು ಮರೆಯಬೇಕೆಂದಿದ್ದುದನ್ನು ನೀವು ಊರಿಗೆ ನೆನಪಿಸಿದಿರಿ."

ಮರಳಿದವನು ಮತ್ತೆ ಜಾರಬಹುದು, ಅನೇಕರು ಜಾರುತ್ತಾರೆ. ಅದೇ ಪಾಪವನ್ನು ಹೊತ್ತು ಪಾಪನಿವೇದನೆಗೆ ಎಷ್ಟು ಬಾರಿ ಬಂದಿದ್ದೇವೆಂದು ನಾವೂ ಲೆಕ್ಕವಿಟ್ಟಿಲ್ಲವಷ್ಟೇ. ಮದುವೆಮನೆಯಲ್ಲಿ "ಒಂದೇ ಒಂದು" ಎಂದು ಅವನ ಕೈಗೆ ಲೋಟ ಕೊಡುವವರು ಮಾತ್ರ ಬಿಚ್ಚಿದ ಬಟ್ಟೆಯನ್ನು ಮತ್ತೆ ಸುತ್ತುತ್ತಿದ್ದಾರೆ.

ಆದುದರಿಂದ ಶತಮಾನೋತ್ಸವದ ರಾತ್ರಿಯ ಊಟದಲ್ಲಿ ಮದ್ಯವಿರುವುದಿಲ್ಲ. ಪಾಲನಾ ಸಮಿತಿಯಲ್ಲಿ ಗೊಣಗಿದವರುಂಟು, ಗೊಣಗಲಿ. ಮನೆಯವರಿಗೆ ನಡುರಾತ್ರಿಯಲ್ಲಿ ದಿಕ್ಕು ತೋಚದಿದ್ದರೆ 2022ರಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಇದೆ. 14416ಕ್ಕೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಮತ್ತೊಂದು ಮಾತು. ಕಳ್ಳರ ಭಯದಿಂದ ನಮ್ಮ ದೇವಾಲಯಕ್ಕೆ ಸಂಜೆ ಆರೂವರೆಗೆ ಬೀಗ ಬೀಳುತ್ತಿದೆ. ಹೆಂಡದಂಗಡಿ ತುಂಬುವುದೂ ಅದೇ ಹೊತ್ತಿಗೆ. ಬರುವ ಸೋಮವಾರದಿಂದ ಪಕ್ಕದ ಬಾಗಿಲು ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ನಾನು ಕೊನೆಯ ಬೆಂಚಿನಲ್ಲಿ ಜಪಸರ ಹಿಡಿದು ಕುಳಿತಿರುತ್ತೇನೆ. ಬಂದವರನ್ನು ಏನೂ ಕೇಳುವುದಿಲ್ಲ.