ಬಿಲ್ಡ್ ಸಕ್ಸಸ್, ಟೆಸ್ಟ್ ಸೊನ್ನೆ: ಫೋಲ್ಡರ್ ವಿಷಯ ಎಲ್ಲಿ ಹೇಳಬೇಕು?

ಪುಣೆ, ಹೈದರಾಬಾದ್, ಚೆನ್ನೈ, ನೋಯ್ಡಾ ಅಂತ ಎಲ್ಲೆಲ್ಲೋ ಕೂತು ಕೋಡ್ ಬರೆಯೋ ನಮ್ಮವರಿಗೆ ಇವತ್ತು ಒಂದು ಸಣ್ಣ ವಿಷಯ. ಸೋರ್ಸ್ ಫೋಲ್ಡರ್ ಯಾವುದು, ಟೆಸ್ಟ್ ಫೋಲ್ಡರ್ ಯಾವುದು ಅಂತ ಪ್ರಾಜೆಕ್ಟ್‌ಗೆ ಹೇಗೆ ತಿಳಿಸೋದು? ಜಾವಾ ಮತ್ತು ಮೇವನ್ ಇಟ್ಕೊಂಡು ಹೇಳ್ತೀನಿ. ಗ್ರೇಡಲ್‌ನವರಿಗೂ ಕೊನೇಲಿ ಒಂದು ಮಾತಿದೆ.

ಮೇವನ್‌ಗೆ ಅದರದೇ ಪದ್ಧತಿ ಇದೆ. ಕೋಡ್ ಎಸ್‌ಆರ್‌ಸಿ/ಮೇನ್/ಜಾವಾ ಒಳಗೆ, ಟೆಸ್ಟ್ ಎಸ್‌ಆರ್‌ಸಿ/ಟೆಸ್ಟ್/ಜಾವಾ ಒಳಗೆ. ಕಂಪೈಲ್ ಆದ ಮೇಲೂ ಎರಡೂ ಬೇರೆ ಬೇರೆ ಕಡೆ ಕೂರುತ್ತವೆ, ಜಾರ್ ಒಳಗೆ ಹೋಗೋದು ಮೊದಲನೇದು ಮಾತ್ರ. ಹೊಸ ಪ್ರಾಜೆಕ್ಟ್ ಆದ್ರೆ ಇದನ್ನೇ ಪಾಲಿಸಿ, ಏನೂ ಬರೆಯೋದೇ ಬೇಡ.

ತಲೆನೋವು ಇರೋದು ಆ್ಯಂಟ್ ಕಾಲದ ಹಳೇ ಕೋಡ್‌ನಲ್ಲಿ. ಎಸ್‌ಆರ್‌ಸಿ ಅಂತ ಒಂದು ಫೋಲ್ಡರ್, ಪಕ್ಕದಲ್ಲೇ ಟೆಸ್ಟ್ ಅಂತ ಇನ್ನೊಂದು. ಪುಣೆಯಲ್ಲಿ ನಾನು ಸೇರಿದ ಒಂದು ಟೀಮ್‌ನಲ್ಲಿ ಹೀಗೇ ಇತ್ತು. ಬಿಲ್ಲಿಂಗ್ ಕೋಡ್ ಅದು. ಮೊದಲು ಯಾರೋ ಅದನ್ನ ಮೇವನ್‌ಗೆ ತಂದು, ಪಾಮ್ ಫೈಲ್‌ನಲ್ಲಿ ‘ಸೋರ್ಸ್‌ಡೈರೆಕ್ಟರಿ’ ಅಂದ್ರೆ ಎಸ್‌ಆರ್‌ಸಿ ಅಂತ ಬರೆದಿದ್ರು. ಟೆಸ್ಟ್ ಫೋಲ್ಡರ್ ಬಗ್ಗೆ ಒಂದು ಸಾಲೂ ಇರಲಿಲ್ಲ. ಟೀಮ್‌ನವರು ತಮ್ಮ ತಮ್ಮ ಇಂಟೆಲಿಜೆಯಲ್ಲಿ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಟೆಸ್ಟ್ ಸೋರ್ಸಸ್ ರೂಟ್’ ಅಂತ ಗುರುತು ಹಾಕ್ಕೊಂಡಿದ್ರು. ಫೋಲ್ಡರ್ ಹಸಿರಾಯ್ತು, ಬೇಕಾದ ಒಂದೆರಡು ಟೆಸ್ಟ್ ಓಡ್ತು, ಅವರ ಕೆಲಸ ಆಯ್ತು. ಆದ್ರೆ ಬಿಲ್ಡ್ ಸರ್ವರ್‌ಗೆ ಈ ಗುರುತು ಹೇಗೆ ಗೊತ್ತಾಗಬೇಕು? ಅದು ಎಸ್‌ಆರ್‌ಸಿ/ಟೆಸ್ಟ್/ಜಾವಾ ಹುಡುಕುತ್ತೆ, ಸಿಗಲ್ಲ. ‘ನೋ ಟೆಸ್ಟ್ಸ್ ಟು ರನ್’ ಅಂತ ಒಂದು ಸಾಲು ಬರೆದು, ಕೆಳಗೆ ‘ಬಿಲ್ಡ್ ಸಕ್ಸಸ್’ ಅನ್ನುತ್ತೆ. ಲಾಗ್ ಯಾರು ಓದ್ತಾರೆ ಹೇಳಿ! ರೌಂಡಿಂಗ್ ತಪ್ಪಿ ಗಿರಾಕಿಗಳಿಗೆ ತಪ್ಪು ಬಿಲ್ ಹೋದ ಮೇಲೆ ನೋಡಿದ್ರೆ, ಆ ತಪ್ಪನ್ನೇ ಹಿಡಿಯೋ ಟೆಸ್ಟ್ ಅಲ್ಲೇ ಇತ್ತು. ಹಿಂದಿನವರು ಯಾರೋ ಚೆನ್ನಾಗಿಯೇ ಬರೆದಿಟ್ಟಿದ್ರು. ಸರ್ವರ್‌ನಲ್ಲಿ ಒಂದು ದಿನವೂ ಓಡಿರಲಿಲ್ಲ.

ಸರಿಮಾಡೋಕೆ ಒಂದೇ ಸಾಲು ಸಾಕು. ಪಾಮ್‌ನ ಬಿಲ್ಡ್ ಭಾಗದಲ್ಲಿ ‘ಟೆಸ್ಟ್‌ಸೋರ್ಸ್‌ಡೈರೆಕ್ಟರಿ’ ಹಾಕಿ, ಅದಕ್ಕೆ ಟೆಸ್ಟ್ ಅಂತ ಕೊಡಿ. ಇಂಟೆಲಿಜೆಯಲ್ಲಿ ಮೇವನ್ ರೀಲೋಡ್ ಮಾಡಿದ್ರೆ ಫೋಲ್ಡರ್ ತಾನಾಗೇ ಹಸಿರಾಗುತ್ತೆ. ಕೈಯಲ್ಲಿ ಹಾಕಿದ ಗುರುತು ಅದೇ ರೀಲೋಡ್‌ನಲ್ಲಿ ಅಳಿಸಿ ಹೋಗಬಹುದು, ಹೊಸದಾಗಿ ಸೇರಿದವರ ಲ್ಯಾಪ್‌ಟಾಪ್‌ಗಂತೂ ಬರೋದೇ ಇಲ್ಲ.

ಹಾಗೇ ಇನ್ನೊಂದು. ಸೋರ್ಸ್‌ಡೈರೆಕ್ಟರಿ ಬದಲಾಯಿಸಿದ ಮಾತ್ರಕ್ಕೆ ಅದರೊಳಗಿನ ಪ್ರಾಪರ್ಟೀಸ್ ಫೈಲ್‌ಗಳು ಜಾರ್‌ಗೆ ಬರಲ್ಲ. ಅವಕ್ಕೆ ‘ರಿಸೋರ್ಸಸ್’ ಅಂತ ಬೇರೆ ಬರೆದು, ಜಾವಾ ಫೈಲ್‌ಗಳನ್ನ ಹೊರಗಿಡಬೇಕು.

ನಿಜವಾಗಿ ಹುಷಾರಾಗಿರಬೇಕಾದ್ದು ಸೋರ್ಸ್ ಫೋಲ್ಡರ್ ಒಳಗೇ ಟೆಸ್ಟ್ ಇದ್ದಾಗ. ಎಸ್‌ಆರ್‌ಸಿ ಪೂರ್ತಿ ಸೋರ್ಸ್, ಎಸ್‌ಆರ್‌ಸಿ/ಟೆಸ್ಟ್ ಒಳಗೆ ಟೆಸ್ಟ್ ಅಂದುಕೊಳ್ಳಿ. ಮೇವನ್ ಟೆಸ್ಟ್‌ಗಳನ್ನೂ ಮುಖ್ಯ ಕೋಡ್ ಅಂತಲೇ ಕಂಪೈಲ್ ಮಾಡೋಕೆ ಹೋಗುತ್ತೆ, ಜೆಯೂನಿಟ್ ಸಿಗಲಿಲ್ಲ ಅಂತ ನಿಲ್ಲುತ್ತೆ. ಆಗ ಕೆಲವರು ಜೆಯೂನಿಟ್ ಡಿಪೆಂಡೆನ್ಸಿಯಿಂದ ಟೆಸ್ಟ್ ಸ್ಕೋಪ್ ಕಿತ್ತುಹಾಕ್ತಾರೆ. ಎರರ್ ಹೋಗುತ್ತೆ, ನಿಜ. ಆದ್ರೆ ಟೆಸ್ಟ್ ಕೋಡ್ ಎಲ್ಲಾ ಜಾರ್ ಒಳಗೆ ಸೇರಿ ಪ್ರೊಡಕ್ಷನ್‌ಗೆ ಹೊರಡುತ್ತೆ! ಹಾಗೆ ಮಾಡಬೇಡಿ, ಟೆಸ್ಟ್ ಫೋಲ್ಡರನ್ನ ಎಸ್‌ಆರ್‌ಸಿಯಿಂದ ಹೊರಗೆ ತನ್ನಿ. ಗಿಟ್‌ನಲ್ಲಿ ಐದು ನಿಮಿಷದ ಕೆಲಸ.

ಫೋಲ್ಡರ್ ಸರಿ ಇದ್ದರೂ ಟೆಸ್ಟ್ ಓಡದೇ ಇದ್ರೆ ಕ್ಲಾಸ್ ಹೆಸರು ನೋಡಿ. ಮೇವನ್‌ನಲ್ಲಿ ಟೆಸ್ಟ್ ಓಡಿಸೋ ಶ್ಯೂರ್‌ಫೈರ್ ಪ್ಲಗಿನ್ ಹೆಸರು ನೋಡಿಯೇ ಟೆಸ್ಟ್ ಆರಿಸುತ್ತೆ. ಟೆಸ್ಟ್ ಅಂತ ಶುರುವಾಗಬೇಕು, ಇಲ್ಲಾ ಟೆಸ್ಟ್, ಟೆಸ್ಟ್ಸ್, ಟೆಸ್ಟ್‌ಕೇಸ್ ಅಂತ ಮುಗೀಬೇಕು. ‘ಬಿಲ್‌ಚೆಕ್’ ಅಂತ ಹೆಸರಿಟ್ರೆ ಸುಮ್ಮನೆ ಬಿಟ್ಟು ಮುಂದೆ ಹೋಗುತ್ತೆ. ಅದೇ ಪ್ಲಗಿನ್‌ನಲ್ಲಿ ‘ಫೇಲ್‌ಇಫ್‌ನೋಟೆಸ್ಟ್ಸ್’ ಅನ್ನೋದನ್ನ ಟ್ರೂ ಮಾಡಿಡಿ, ಒಂದೂ ಟೆಸ್ಟ್ ಇಲ್ಲದಿದ್ರೆ ಬಿಲ್ಡ್ ಕೆಂಪಾಗುತ್ತೆ. ಟೆಸ್ಟೇ ಇಲ್ಲದ ಮಾಡ್ಯೂಲ್‌ಗಳಿಗೆ ಮಾತ್ರ ಇದು ಬೇಡ.

ಗ್ರೇಡಲ್‌ನವರಿಗೆ ಹೇಳಿದ ಮಾತು ಇದು. ಸೋರ್ಸ್‌ಸೆಟ್ಸ್ ಒಳಗೆ ‘ಎಸ್‌ಆರ್‌ಸಿಡಿರ್’ ಅಂತ ಬರೆದ್ರೆ ಹಳೇ ಪಟ್ಟಿಗೆ ನಿಮ್ಮ ಫೋಲ್ಡರ್ ಸೇರುತ್ತೆ ಅಷ್ಟೇ. ‘ಎಸ್‌ಆರ್‌ಸಿಡಿರ್ಸ್’ ಮುಂದೆ ಈಕ್ವಲ್ ಚಿಹ್ನೆ ಹಾಕಿ ಪಟ್ಟಿ ಕೊಟ್ರೆ ಹಳೇದು ಹೋಗಿ ನಿಮ್ಮದೇ ಉಳಿಯುತ್ತೆ. ಹಳೇ ಪ್ರಾಜೆಕ್ಟ್ ತರುವಾಗ ಸಾಮಾನ್ಯವಾಗಿ ಬೇಕಾಗೋದು ಎರಡನೇದು.