ಉಕ್ಕಿಗೂ ಹೊದಿಕೆ ಬೇಕು
(ಕಟ್ಟಡ ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ಉಕ್ಕು ಉರಿಯುವುದಿಲ್ಲ, ಆದುದರಿಂದ ಉಕ್ಕಿನ ಕಂಬ ತೊಲೆಗಳ ಕಟ್ಟಡಕ್ಕೆ ಬೆಂಕಿಯ ಭಯವಿಲ್ಲವೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಈ ನಂಬಿಕೆ ಜೀವಕ್ಕೆ ಎರವಾಗುವಂಥದು. ಉಕ್ಕು ಕರಗಲು ಸುಮಾರು 1500 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು, ನಿಜ. ಆದರೆ ಕಟ್ಟಡ ಕುಸಿಯಲು ಉಕ್ಕು ಕರಗಬೇಕಾಗಿಲ್ಲ. 600 ಡಿಗ್ರಿಯ ಹೊತ್ತಿಗೆ ಅದರ ಬಲ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಬಟ್ಟೆ, ಕಾಗದ, ಮರದ ಸಾಮಾನು ಹತ್ತಿ ಉರಿಯುವ ಕೋಣೆ ಅಷ್ಟು ಶಾಖವನ್ನು ಕೆಲವೇ ನಿಮಿಷಗಳಲ್ಲಿ ಮುಟ್ಟಬಲ್ಲದು. ಕುಲುಮೆಯಲ್ಲಿ ಕಾದ ಕಬ್ಬಿಣ ಕಮ್ಮಾರನ ಸುತ್ತಿಗೆಗೆ ಬಾಗುವುದನ್ನು ಕಂಡ ನಮಗೆ ಇದು ಹೊಸ ಮಾತಲ್ಲ.

ಇದಕ್ಕೆ ಪರಿಹಾರ ಹೊದಿಕೆ. ಕಾಂಕ್ರೀಟು, ಜಿಪ್ಸಂ ಹಲಗೆ, ವರ್ಮಿಕ್ಯುಲೈಟ್ ಬೆರೆಸಿದ ಗಾರೆ, ಶಾಖ ತಗುಲಿದೊಡನೆ ಉಬ್ಬಿ ದಪ್ಪ ಪದರವಾಗುವ ಬಣ್ಣ — ಇವುಗಳಲ್ಲಿ ಯಾವುದಾದರೂ ಆಗಬಹುದು. ಇವು ಬೆಂಕಿಯನ್ನು ಆರಿಸುವುದಿಲ್ಲ. ಉಕ್ಕು ಬೇಗನೆ ಕಾಯದಂತೆ ಒಂದೆರಡು ಗಂಟೆ ತಡೆಯುತ್ತವೆ. ಒಳಗಿದ್ದವರು ಹೊರಬರಲು, ಬೆಂಕಿ ಆರಿಸುವವರು ಕೆಲಸ ಮಾಡಲು ದೊರೆಯುವ ಕಾಲ ಅಷ್ಟೇ.

2005ರ ಫೆಬ್ರವರಿಯಲ್ಲಿ ಸ್ಪೇನಿನ ಮ್ಯಾಡ್ರಿಡ್ ನಗರದ ವಿಂಡ್ಸರ್ ಕಟ್ಟಡಕ್ಕೆ ರಾತ್ರಿ ಬೆಂಕಿ ಬಿತ್ತು. ಉಕ್ಕಿನ ಕಂಬಗಳಿಗೆ ಕೆಳಗಿನಿಂದ ಹೊದಿಕೆ ಹಾಕುವ ಕೆಲಸ ಆಗ ನಡೆದಿತ್ತು. ಹೊದಿಕೆ ತಲುಪದಿದ್ದ ಮೇಲಂತಸ್ತುಗಳ ಹೊರಭಾಗ ಕುಸಿದುಬಿತ್ತು. ಹೊದಿಸಿದ್ದ ಕೆಳ ಅಂತಸ್ತುಗಳು ನಿಂತವು. ಒಂದೇ ಕಟ್ಟಡ, ಒಂದೇ ಬೆಂಕಿ! ಒಳಗೆ ಜನರಿಲ್ಲದ್ದರಿಂದ ಯಾರೂ ಸಾಯಲಿಲ್ಲ.

ಟೆಹರಾನಿನಲ್ಲಿ ಹಾಗಾಗಲಿಲ್ಲ. ಉಕ್ಕಿನ ಚೌಕಟ್ಟಿನ ಪ್ಲಾಸ್ಕೋ ಕಟ್ಟಡದಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆಗಳು ತುಂಬಿದ್ದವು. ಸುರಕ್ಷತೆಯ ಬಗ್ಗೆ ನಗರದ ಅಧಿಕಾರಿಗಳು ಹಲವು ಬಾರಿ ಎಚ್ಚರಿಸಿದ್ದರು. 2017ರ ಜನವರಿಯಲ್ಲಿ ಹತ್ತಿಕೊಂಡ ಬೆಂಕಿಗೆ ಅದು ಕೆಲವೇ ಗಂಟೆಗಳಲ್ಲಿ ನೆಲಕ್ಕುರುಳಿತು. ಬೆಂಕಿ ಆರಿಸಲು ಹೋದ ಹಲವರು ಅದರಡಿ ಸಿಲುಕಿ ಸತ್ತರು. ಉಳಿತಾಯ ಒಬ್ಬರದು, ಅದಕ್ಕೆ ಬೆಲೆ ತೆತ್ತವರು ಬೇರೆಯವರು.

ಕಟ್ಟಡದ ಯಾವ ಭಾಗ ಎಷ್ಟು ಗಂಟೆ ಬೆಂಕಿ ತಾಳಬೇಕೆಂಬುದನ್ನು ನಮ್ಮ ದೇಶದ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಹೇಳಿದೆ. ಅದು ಪುಸ್ತಕದಲ್ಲಿದ್ದರೆ ಸಾಲದು. ಕೊಳಾಯಿ, ತಂತಿ ಹಾಕುವಾಗ ಕೆರೆದುಹೋದ ಹೊದಿಕೆಯನ್ನು ಮತ್ತೆ ಮೆತ್ತುವವರು ಎಷ್ಟು ಮಂದಿ? ಹುಸಿ ಚಾವಣಿಯ ಮೇಲಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಕೆಲಸ ಮಾಡುವವರು ನಾವೇ, ಕಾಣುವವರೂ ನಾವೇ. ಆದುದರಿಂದ ನಮ್ಮ ಒತ್ತಾಯ ಇಷ್ಟು: ಕೆರೆದ ಹೊದಿಕೆಯನ್ನು ಅಂದೇ ಸರಿಪಡಿಸಬೇಕು, ಪ್ರತಿವರ್ಷ ತಪಾಸಣೆಯಾಗಬೇಕು, ಅದರ ವರದಿಯನ್ನು ಅಲ್ಲಿ ದುಡಿಯುವವರೆಲ್ಲ ಓದುವಂತೆ ಬಾಗಿಲಲ್ಲಿ ಅಂಟಿಸಬೇಕು.