ಘಾಟಿ: ದಾರಿಯ ಹೆಸರು ಬೈಗುಳವಾದ ಬಗೆ

ಗೋವಾದಲ್ಲಿ ದುಡಿಯುವ ನಮ್ಮ ವಿಜಯಪುರ, ಬಾಗಲಕೋಟೆ, ಗದಗ ಕಡೆಯವರ ಕಿವಿಗೆ ಆಗಾಗ ಬೀಳುವ ಒಂದು ಮಾತಿದೆ: 'ಘಾಟಿ'. ಕೆಲವರ ಬಾಯಲ್ಲಿ ಅದು 'ಘಂಟಿ'. ಕೊಂಕಣಿಯಿಂದ ಗೋವಾದ ಇಂಗ್ಲಿಷ್ ಆಡುಮಾತಿಗೂ ಹೊಕ್ಕ ಪದವಿದು. ಅರ್ಥ ಘಟ್ಟದ ಮೇಲಿನವನು ಎಂದಷ್ಟೇ. ಆಡುವ ಧಾಟಿಯಲ್ಲಿ ಒರಟ, ರೀತಿ ತಿಳಿಯದವನು ಎಂಬ ಹೀಯಾಳಿಕೆ.

ಈ ಪದದ ಮೂಲದಲ್ಲಿ ಹೀಯಾಳಿಕೆ ಇಲ್ಲ. ಘಟ್ಟವೆಂದರೆ ನೀರಿಗಿಳಿಯುವ ಮೆಟ್ಟಿಲು. ಬೆಟ್ಟದಿಂದ ಇಳಿಯುವ ಕಣಿವೆದಾರಿಗೂ ಅದೇ ಹೆಸರಾಯಿತು. ಅನಮೋಡ, ಚೋರ್ಲಾ ಅಂಥ ದಾರಿಗಳು. ಗೋವಾದ ಬಂದರಿಗೆ ಬಂದಿಳಿದ ಅರಬ್ಬೀ ಕುದುರೆಗಳು ಘಟ್ಟ ಹತ್ತಿಯೇ ವಿಜಯನಗರ ಸೇರುತ್ತಿದ್ದವು.

ಆಮೇಲೆ ದಾರಿಯ ಹೆಸರು ಬೆಟ್ಟಕ್ಕೆ ಅಂಟಿತು. ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1563ರಲ್ಲಿ ಗೋವಾದಲ್ಲೇ ಅಚ್ಚಾದ ತನ್ನ ಗ್ರಂಥದಲ್ಲಿ 'ಬಾಲಾಘಾಟ್' ಎಂಬ ಹೆಸರನ್ನು ಬಿಡಿಸಿ ಹೇಳಿದ್ದಾನೆ: ಬಾಲಾ ಎಂದರೆ ಮೇಲೆ, ಘಾಟ್ ಎಂದರೆ ಬೆಟ್ಟಸಾಲು. ಇಂಗ್ಲಿಷರೂ ಇಡೀ ಸಾಲನ್ನೇ ಘಾಟ್ಸ್ ಎಂದರು. 1886ರಲ್ಲಿ ಬಂದ 'ಹಾಬ್ಸನ್-ಜಾಬ್ಸನ್' ನಿಘಂಟು ಈ ಅರ್ಥಗಳನ್ನೆಲ್ಲ ದಾಖಲಿಸಿದೆ.

ಕೊನೆಗೆ ಬೆಟ್ಟದ ಹೆಸರು ಮನುಷ್ಯನ ಮೈಗೆ ಅಂಟಿತು. ಮುಂಬಯಿಯಲ್ಲಿ, ಘಟ್ಟದ ಮೇಲಿನ 'ದೇಶ' ಎಂಬ ಸೀಮೆಯಿಂದ ಕೂಲಿಗೆ ಇಳಿದು ಬಂದ ಮರಾಠಿಗರು 'ಘಾಟಿ'ಗಳಾದರು. ಗೋವಾದಲ್ಲಿ 1961ರ ವಿಮೋಚನೆಯ ನಂತರ ಬಂದರು, ಗಣಿ, ಕಟ್ಟಡಗಳ ಕೆಲಸ ಬೆಳೆಯಿತು. ಬರದ ಸೀಮೆಯ ಕನ್ನಡಿಗರು ಗುಳೆ ಬಂದು ವಾಸ್ಕೊದ ಬೈನಾ, ಹತ್ತಿರದ ಝುವಾರಿನಗರಗಳಲ್ಲಿ ನೆಲೆನಿಂತರು. ಕಲ್ಲು ಹೊತ್ತವರಿಗೆ, ಗಾರೆ ಕಲಸಿದವರಿಗೆ ಆ ಹೆಸರು ಬಿತ್ತು. ಸಿಕ್ಕ ಕೆಲಸ ತಗ್ಗಿನದಾದ್ದರಿಂದ ಪದವೂ ತಗ್ಗಿತು. ಎತ್ತರದ ಊರಿನವನೆಂದು ಹೇಳುವ ಪದ ಕೀಳೆಂಬ ಅರ್ಥ ಪಡೆದದ್ದು ಹೀಗೆ.

ಗೋವೆಯವರ ಸಂಕಟವೂ ಸುಳ್ಳಲ್ಲ. ಪುಟ್ಟ ನಾಡು, ಸಣ್ಣ ಭಾಷೆ. ಹೊರಗಿನವರ ನಡುವೆ ತಾವು ಕರಗಿಹೋದೇವೆಂಬ ಭಯ ಅವರಿಗಿದೆ. ಆದರೆ ಆ ಭಯಕ್ಕೆ ಗಾರೆ ಕೆಲಸದವನ ಮಗಳು ಶಾಲೆಯಲ್ಲಿ ತಲೆತಗ್ಗಿಸಬೇಕಾಗಿಲ್ಲ. ನಾವೂ ನಮ್ಮನ್ನು ನೋಡಿಕೊಳ್ಳಬೇಕು. ನಮ್ಮ ಕರಾವಳಿಯಲ್ಲಿ 'ಘಟ್ಟದವರು' ಎನ್ನುವಾಗ ದನಿಯಲ್ಲಿ ಒಮ್ಮೊಮ್ಮೆ ಅದೇ ತಾತ್ಸಾರ ಇಣುಕುತ್ತದೆ.

ಗೋವಾ ಸರ್ಕಾರದ ಬಸ್ಸುಗಳ ಮೇಲೆ 'ಕದಂಬ' ಎಂದು ಬರೆದಿರುತ್ತದೆ. ಗೋವೆಯನ್ನು ಆಳಿ, ಕನ್ನಡದಲ್ಲೂ ಶಾಸನ ಬರೆಸಿದ ಕದಂಬರ ಹೆಸರದು. ಆ ಬಸ್ಸು ಘಟ್ಟ ಹತ್ತಿ ಬೆಳಗಾವಿಗೆ ಬರುತ್ತದೆ, ಮತ್ತೆ ಇಳಿದು ಪಣಜಿಗೆ ಹೋಗುತ್ತದೆ. ಬೆಟ್ಟಕ್ಕೆ ಅಂಟುವ ಮೊದಲು ಘಟ್ಟ ಎಂಬ ಪದಕ್ಕೆ ಇದ್ದದ್ದು ಇದೇ ಅರ್ಥ: ಹತ್ತುವವರಿಗೂ ಇಳಿಯುವವರಿಗೂ ಒಂದೇ ದಾರಿ.